ಅಣ್ಣನ ಅಳತೆ

"ಹೆಗಲು ಇಳಿದಿದೆ ಮಾರಾಯ. ಗೂಟಕ್ಕೆ ನೇತುಹಾಕಿದ ಹಾಗೆ ಕಾಣ್ತದೆ," ಎಂದು ಟೈಲರ್ ಪೌಲ್ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳ ನಡುವಿನಿಂದಲೇ ಗೊಣಗಿದ. "ಬಿಚ್ಚು. ಸಣ್ಣದು ಮಾಡಿ ಕೊಡ್ತೇನೆ."

"ಬೇಡ. ಸರಿ ಉಂಟು," ಎಂದ ದೇವದಾಸ. "ಅಣ್ಣ ನನಗಿಂತ ಎತ್ತರ. ಎದೆಯೂ ಅಗಲ."

"ಹಾಗಾದ್ರೆ ಅಣ್ಣನೇ ಬರಬಹುದಿತ್ತಲ್ಲ? ಮದುಮಗನ ಶರ್ಟು ಮದುಮಗನ ಮೈಮೇಲೆ ನೋಡದೆ ಕೊಡುವ ಕ್ರಮ ನನ್ನ ಅಂಗಡಿಯಲ್ಲಿ ಇಲ್ಲ. ನಾಳೆ ಬಿಗಿಯಾಯ್ತು ಅಂತ ನನ್ನ ತಲೆ ತಿನ್ಲಿಕ್ಕೆ ಬಂದ್ರೆ?"

"ಬರುವುದಿಲ್ಲ."

"ಎಲ್ಲರೂ ಹಾಗೇ ಹೇಳುವುದು."

"ಇವನು ಖಂಡಿತ ಬರುವುದಿಲ್ಲ." ದೇವದಾಸ ತುಟಿ ಕಚ್ಚಿಕೊಂಡ. ನಗು ಆಗಲೇ ಹೊಟ್ಟೆಯಲ್ಲಿ ಕುದಿಯತೊಡಗಿತ್ತು. ಕನ್ನಡಿಯಲ್ಲಿ ಹೊಸ ಬಿಳಿ ಶರ್ಟಿನೊಳಗೆ ಒಬ್ಬ ತೆಳ್ಳಗಿನ ಹುಡುಗ, ತೋಳು ಬೆರಳಿನ ಗೆಣ್ಣಿನವರೆಗೆ ಇಳಿದು, ಯಾರದೋ ಮನೆಗೆ ತಪ್ಪಿ ನುಗ್ಗಿದವನಂತೆ ನಿಂತಿದ್ದ.

"ಊರಲ್ಲಿ ಇಲ್ವಾ ಅಣ್ಣ? ಬೊಂಬಾಯಿಯಾ?"

"ಅದಕ್ಕಿಂತ ದೂರ."

"ಆಫ್ರಿಕವಾ?"

"ಇನ್ನೂ ಸ್ವಲ್ಪ ಆಚೆ."

"ಇವತ್ತೇ ಮದುವೆ ಅಂತಿ, ಇನ್ನೂ ಹಡಗು ಇಳಿಯಲಿಲ್ಲ. ಅಲ್ಲ, ಆಟಿ ತಿಂಗಳಲ್ಲಿ ಯಾವ ಹಡಗು? ಬಂದರೇ ಮುಚ್ಚಿದೆ. ಅಷ್ಟಕ್ಕೂ ಆಟಿಯಲ್ಲಿ ನಿಮ್ಮವರು ಮದುವೆ..." ಪೌಲ್‌ನ ಕೈ ಅಲ್ಲೇ ನಿಂತಿತು. ಆಷಾಢದ ಈ ಆಟಿಯಲ್ಲಿ ತುಳುನಾಡಿನ ಯಾವ ಮನೆಯಲ್ಲೂ ಬದುಕಿದ್ದವರಿಗೆ ಮದುವೆ ಮಾಡುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿ, ಎದೆಯ ಮೇಲೆ ಶಿಲುಬೆ ಎಳೆದುಕೊಂಡ. "ಎಷ್ಟು ಪ್ರಾಯಕ್ಕೆ ಹೋದದ್ದು?"

"ಹನ್ನೊಂದು ತಿಂಗಳಿಗೆ."

"ಜೇಜು! ಹನ್ನೊಂದು ತಿಂಗಳ ಮಗುವಿಗೆ ನಾನು ಮೂವತ್ತೆಂಟು ಇಂಚಿನ ಎದೆ ಹೊಲಿದೆನಾ?"

ಅಷ್ಟೇ ಸಾಕಾಯಿತು. ದೇವದಾಸ ಹೊಟ್ಟೆ ಹಿಡಿದುಕೊಂಡು ನಕ್ಕ, ಇಸ್ತ್ರಿ ಮೇಜಿಗೆ ಒರಗಿ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪೌಲ್ ಮೊದಲು ಗಾಬರಿಯಾಗಿ, ಆಮೇಲೆ ತಾನೂ ನಕ್ಕು, ಕೊನೆಗೆ ಸಿಟ್ಟಾಗಿ ಶರ್ಟನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. "ಹೋಗು ಮಾರಾಯ. ಬೆಳಿಗ್ಗೆ ಬೆಳಿಗ್ಗೆ."

ಸತ್ತ ಮಗು ಬೆಳೆಯುತ್ತದೆ ಎಂಬುದರಲ್ಲಿ ದೇವದಾಸನ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಣ್ಣಿಗೆ ಹೋದದ್ದು ದೇಹ. ಮಗು ಮಾತ್ರ ಮನೆಯ ಸುತ್ತಲೇ ಇದ್ದು, ಉಳಿದ ಮಕ್ಕಳ ಹಾಗೆ ವರ್ಷಕ್ಕೊಂದು ವರ್ಷ ಕೂಡಿಸಿಕೊಂಡು, ಪ್ರಾಯಕ್ಕೆ ಬಂದು, ಹೆಣ್ಣು ಬೇಕೆಂದು ಹಟ ಹಿಡಿಯುತ್ತದೆ. ಅಂಥವರನ್ನು ಕುಲೆ ಎನ್ನುತ್ತಾರೆ. ಹಟ ತೀರಿಸಲು ಇನ್ನೊಂದು ಮನೆಯಿಂದ ಅಂಥದೇ ಹೆಣ್ಣನ್ನು ನೋಡಿ ಮದುವೆ ಮಾಡುತ್ತಾರೆ. ಹೈಸ್ಕೂಲು ಮುಟ್ಟಿದ, ಆಮ್ಲಜನಕ ತಯಾರಿಸುವ ವಿಧಾನವನ್ನು ಬಾಯಿಪಾಠ ಒಪ್ಪಿಸಬಲ್ಲ ದೇವದಾಸನಿಗೆ ಇದೆಲ್ಲ ಅಜ್ಜಿಕತೆ. ಆದರೆ ಅಣ್ಣ ಅಜ್ಜಿಕತೆಯಲ್ಲ. ಇಲ್ಲೇ ಇದ್ದದ್ದು ತೊಡಕು.

ದೇವದಾಸ ಹುಟ್ಟುವ ಮೊದಲೇ ತೀರಿಕೊಂಡಿದ್ದ ಅಣ್ಣ ತುಕ್ರನಿಗೆ ಫೋಟೋ ಇರಲಿಲ್ಲ, ಗುರುತು ಇರಲಿಲ್ಲ. ಇದ್ದದ್ದು ಅಮ್ಮನ ಒಂದೇ ಮಾತು: "ತುಕ್ರ ಇದ್ದಿದ್ದರೆ..." ತುಕ್ರ ಇದ್ದಿದ್ದರೆ ನೀರು ತರುತ್ತಿದ್ದ. ತುಕ್ರ ಇದ್ದಿದ್ದರೆ ಎದುರುತ್ತರ ಕೊಡುತ್ತಿರಲಿಲ್ಲ. ಆರು ವರ್ಷದ ದೇವದಾಸ ಈ ‘ಇದ್ದಿದ್ದರೆ’ಯನ್ನು ಕೈಹಿಡಿದುಕೊಂಡು ಶಾಲೆಗೆ ಹೋದ. ಹತ್ತಕ್ಕೆ ಅಣ್ಣನಿಗೆ ಗಡಸು ಸ್ವರ ಕೊಟ್ಟ, ಹನ್ನೆರಡಕ್ಕೆ ಮೀಸೆ ಕೊಟ್ಟ. ಕಳೆದ ವರ್ಷ ಬಂದರಿನ ಸ್ಟೀಮರ್ ಆಫೀಸಿನಲ್ಲಿ ಗುಮಾಸ್ತಗಿರಿಯನ್ನೂ ಕೊಡಿಸಿಬಿಟ್ಟ. ಅಣ್ಣ ಸಿಳ್ಳೆ ಹಾಕುತ್ತಾನೆ, ಸಿಗರೇಟು ಸೇದುತ್ತಾನೆ, ಹೆಡ್‌ಮಾಸ್ತರರ ನಡಿಗೆಯನ್ನು ಅಣಕಿಸುತ್ತಾನೆ. ಎರಡೂ ಪಾಲಿನ ಮಾತನ್ನು ತಾನೇ ಆಡುತ್ತಿದ್ದೇನೆಂದು ದೇವದಾಸನಿಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿರುವುದರಿಂದ ಏನೂ ಕಡಿಮೆಯಾಗಲಿಲ್ಲ, ಅಷ್ಟೆ.

ಕಷ್ಟ ಬಂದದ್ದು ಅಣ್ಣನ ತಮಾಷೆಯಿಂದ. ಅಜ್ಜನ ಹೆಣದ ಮುಂದೆ ಅವನೊಂದು ಮಾತು ಹೇಳಿದ. ದೇವದಾಸ ಎಲ್ಲರೆದುರು ಕಿಸಕ್ಕನೆ ನಕ್ಕ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ, ಮೇಲ್ವಿಚಾರಕರ ಬೂಟು ಕೀಚ್ ಕೀಚ್ ಎಂದು ನಡೆಯುವಾಗ ಇನ್ನೊಂದು ಹೇಳಿದ. ನಗು ನಿಲ್ಲಲೇ ಇಲ್ಲ, ಅವನನ್ನು ಎಬ್ಬಿಸಿ ಹೊರಗೆ ಕಳಿಸಿದರು. ಫಳ್ನೀರಿನ ಡಾಕ್ಟರು ಕಹಿ ಔಷಧಿ ಕೊಟ್ಟರು. ಕ್ಲಾಸ್ ಟೀಚರು ತಣ್ಣೀರು ಸ್ನಾನ ಹೇಳಿದರು. ಕೊನೆಗೆ ಮನೆಯ ಯಜಮಾನನಾದ ನೋಣಯ್ಯ ಮಾವ, ಅಮ್ಮನ ಅಣ್ಣ, ಜೋಯಿಸರ ಹತ್ತಿರ ನಿಮಿತ್ತ ಕೇಳಿಕೊಂಡು ಬಂದ. "ಮನೆಯಲ್ಲಿ ಪ್ರಾಯಕ್ಕೆ ಬಂದ ಗಂಡಸೊಬ್ಬ ಮದುವೆಯಿಲ್ಲದೆ ತಿರುಗ್ತಾ ಇದ್ದಾನೆ. ಹುಡುಗನ ತಲೆ ಮೇಲೆ ಕೂತದ್ದು ಅವನೇ. ಒಂದು ಹೆಣ್ಣು ತಂದು ಕೊಟ್ರೆ ಹಿರಿಯರ ಸಾಲಿಗೆ ಸೇರ್ತಾನೆ. ಮತ್ತೆ ಇವನ ತಂಟೆಗೆ ಬರುವುದಿಲ್ಲ."

ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಇಡೀ ಜಗಲಿಯ ಮೇಲೆ ಹರವಿದ ಹಾಗಾಗಿ ದೇವದಾಸನಿಗೆ ಬೆವರಿತು. ಅಣ್ಣ ಮಾತ್ರ ಬಿದ್ದು ಬಿದ್ದು ನಕ್ಕಿದ್ದ: ‘ಹೆಣ್ಣು ಹೇಗಿದ್ದಾಳೆ ಅಂತ ಕೇಳು ಮಾರಾಯ!’

ಆ ನಗುವಿನಲ್ಲೇ ದಿನಗಳು ಹೋಗಿಬಿಟ್ಟವು. ಈಗ, ಶರ್ಟಿನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹಂಪನಕಟ್ಟೆ ದಾಟಿ ಉರ್ವದ ಕಡೆಗೆ ನಡೆಯುವಾಗ, ಇವತ್ತು ಸಂಜೆಯ ನಂತರ ಅಣ್ಣ ಇರುವುದಿಲ್ಲ ಎಂಬುದು ಮೊದಲ ಸಲ ಸರಿಯಾಗಿ ಹೊಳೆಯಿತು. ಹೊಳೆದದ್ದೇ, ಯಾಕೋ, ಇನ್ನಷ್ಟು ಹುರುಪು ಬಂತು. ಮಳೆ ಬಿಟ್ಟಿತ್ತು. ಆಟಿಯ ಬಿಸಿಲು ಚುರುಚುರು ಎನ್ನುತ್ತಿತ್ತು. ಹಂಚಿನ ಕಾರ್ಖಾನೆಯ ಕೊಳವೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು.

‘ಮೂವತ್ತೆಂಟು ಇಂಚು ಜಾಸ್ತಿಯಾಯಿತು,’ ಎಂದ ಅಣ್ಣ ಪಕ್ಕದಿಂದ.

"ಮದುವೆಯಾದ ಮೇಲೆ ದಪ್ಪ ಆಗ್ತಿ."

‘ಹುಡುಗಿ ಸತ್ತದ್ದು ಎರಡು ವರ್ಷಕ್ಕಂತೆ. ನನಗಿಂತ ಒಂದು ವರ್ಷ ಜಾಸ್ತಿ ಲೋಕ ಕಂಡವಳು. ಹೇಗೆ ಸುಧಾರಿಸುವುದು?’

ಎದುರಿನಿಂದ ಬರುತ್ತಿದ್ದ ಜಟಕಾದವನು ಒಬ್ಬನೇ ನಗುತ್ತ ನಡೆಯುವ ಹುಡುಗನನ್ನು ನೋಡಿ ಕುದುರೆಯನ್ನು ಸ್ವಲ್ಪ ಆಚೆ ಎಳೆದುಕೊಂಡ. ಅದೂ ನಗುವಿಗೆ ಒಂದು ಕಾರಣವಾಯಿತು. ಉರ್ವ ದಾಟುವ ಹೊತ್ತಿಗೆ ದೇವದಾಸ ತೀರ್ಮಾನಿಸಿದ್ದ: ಅಣ್ಣನನ್ನು ಹೋಗಬೇಡ ಎಂದು ಕೇಳಬೇಕು. ಬಾಯಿಬಿಟ್ಟು, ಇವತ್ತೇ. ಹೋಗಲೇಬೇಕಾದರೆ ಹೇಳಿಯಾದರೂ ಹೋಗಬೇಕು. ಆದರೆ ದಾರಿಯುದ್ದಕ್ಕೂ ತಮಾಷೆಯ ಮಾತೇ ಬಂತು, ಅದೊಂದು ಬರಲಿಲ್ಲ.

ಮನೆ ಬೋಳೂರಿನಲ್ಲಿ, ಹೊಳೆಯ ದಂಡೆಗೆ ತಾಗಿಕೊಂಡು. ಕಡಲಿಗೆ ಇಳಿಯದ ತಿಂಗಳಾದ್ದರಿಂದ ದೋಣಿಗಳೆಲ್ಲ ದಂಡೆಯ ಮೇಲೆ ಕವುಚಿಕೊಂಡು ತೆಂಗಿನ ಮಡಲು ಹೊದ್ದು ಮಲಗಿದ್ದವು. ಗಂಡಸರೆಲ್ಲ ಮನೆಯಲ್ಲಿದ್ದರು, ಕಳ್ಳು ಸಾಕಷ್ಟು ಇತ್ತು. ಹೀಗಾಗಿ ಅಂಗಳದಲ್ಲಿ ಸಡಗರವೋ ಸಡಗರ. ಸತ್ತವನ ಮದುವೆಯಾದರೇನು, ಚಪ್ಪರ ಬದುಕಿದವರೇ ಹಾಕಬೇಕಲ್ಲ. ನೋಣಯ್ಯ ಮಾವ ಕಚ್ಚೆ ಕಟ್ಟಿ ಎಲ್ಲರಿಗೂ ಎಲ್ಲ ಕೆಲಸ ಹೇಳುತ್ತಿದ್ದ.

ಅಡಿಗೆಯ ಕೋಣೆಯಲ್ಲಿ ಅಮ್ಮ ರಾಜೀವಿ ಮಸಾಲೆ ಅರೆಯುತ್ತಿದ್ದಳು. ಬೆಳಿಗ್ಗೆಯಿಂದ ಅವಳ ಮುಖದಲ್ಲಿ ಒಂದು ಹೊಸ ಬೆಳಕಿತ್ತು. ಶರ್ಟನ್ನು ಬಿಡಿಸಿ ಎದೆಗೆ ಒತ್ತಿ ಹಿಡಿದು, "ಇಷ್ಟು ದೊಡ್ಡವನಾದನಾ!" ಎಂದಳು.

"ಟೈಲರ್ ಹೆಗಲು ಇಳಿದಿದೆ ಅಂದ."

"ಅವನಿಗೆ ಎಂತ ಗೊತ್ತು? ಮಗಾ, ನೀನು ಇವತ್ತು ಏನೂ ತಿನ್ನಬಾರದು ಗೊತ್ತುಂಟಲ್ಲ? ಅವನ ಬಟ್ಟೆ ಹಿಡಿಯುವವ ನೀನು. ಮದುಮಗ ಉಪವಾಸ ಇರ್ಬೇಕು." ಅವಳು ಸ್ವರ ತಗ್ಗಿಸಿದಳು. "ಒಣ ಬಂಗುಡೆಯದ್ದು ಒಂದು, ಹೊಳೆಯ ಕಾಣೆ ಮೀನಿನದ್ದು ಒಂದು ಗಸಿ ಮಾಡ್ತಾ ಇದ್ದೇನೆ. ಸಾಕಲ್ಲ?"

"ಅಣ್ಣನಿಗೆ ಬಂಗುಡೆ ಆಗುವುದಿಲ್ಲ."

ಬಾಯಿ ಜಾರಿತ್ತು. ಅಮ್ಮನ ಕೈ ಅರೆಯುವ ಕಲ್ಲಿನ ಮೇಲೆ ನಿಂತಿತು. ಬಯ್ಯುತ್ತಾಳೆ ಎಂದು ದೇವದಾಸ ಕಾದ. ಅವಳು ಬಯ್ಯಲಿಲ್ಲ.

"ಹೌದಾ? ಮತ್ತೆ ಎಂತ ಆಗ್ತದೆ?"

"ಕೋಳಿ. ಖಾರ ಕಡಿಮೆ."

"ನನ್ನ ಕೈಯಿಂದ ಎರಡು ತುತ್ತು ಗಂಜಿ ಉಂಡವ ಅವ. ಅಷ್ಟೇ ಉಂಡದ್ದು." ಅವಳು ಕಣ್ಣು ಒರೆಸಿಕೊಂಡು ಕೂಡಲೇ ನಕ್ಕಳು, ಬಾಗಿಲ ಕಡೆಗೆ ತಿರುಗಿ ಕೂಗಿದಳು: "ಯಾರಲ್ಲಿ, ಒಂದು ಕೋಳಿ ಹಿಡೀರಿ! ನನ್ನ ಮಗನಿಗೆ ಕೋಳಿ ಆಗ್ಬೇಕಂತೆ!"

ಅಂಗಳದಲ್ಲಿ ಕೋಳಿಯ ಹಿಂದೆ ಇಡೀ ಮದುವೆ ಮನೆ ಓಡಿತು. ಕೋಳಿ ಚಪ್ಪರದ ಮೇಲೆ ಹತ್ತಿತು, ಮಾವ ಜಾರಿ ಬಿದ್ದ, ಹೆಂಗಸರು ಕೇಕೆ ಹಾಕಿದರು. ದೇವದಾಸನೂ ಓಡಿದ. ಇಷ್ಟು ಮಜಾ ಈ ಮನೆಯಲ್ಲಿ ಅವನು ಹುಟ್ಟಿದ ಮೇಲೆ ಆದದ್ದು ಅವನಿಗೆ ನೆನಪಿಲ್ಲ. ತನಗಾಗಿ ಒಂದು ಕೋಳಿಯನ್ನು ಯಾರಾದರೂ ಹೀಗೆ ಅಟ್ಟಿಸಿಕೊಂಡು ಹೋದದ್ದುಂಟೇ ಎಂಬ ಪ್ರಶ್ನೆ ನಡುವೆ ಒಮ್ಮೆ ಬಂತು. ಉತ್ತರ ಬೇಡವೆನಿಸಿ ಇನ್ನೂ ಜೋರಾಗಿ ಓಡಿದ.

ಇಳಿಹೊತ್ತಿಗೆ ಹೆಣ್ಣಿನ ಕಡೆಯವರು ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ಬಂದಿಳಿದರು. ಮುಂದೆ ಹುಡುಗಿಯ ಅಪ್ಪ. ಹಿಂದೆ ಒಬ್ಬಳು ಹದಿನಾರರ ಹುಡುಗಿ, ಕೈಯಲ್ಲಿ ಹಸಿರು ಸೀರೆ ಮಡಿಸಿಟ್ಟ ತಟ್ಟೆ. ಸೀರೆಯೇ ಮದುಮಗಳು ಅಕ್ಕು. ತಟ್ಟೆ ಹಿಡಿದವಳು ಅವಳ ತಂಗಿ ಕುಮುದಿನಿ.

ಬೆಲ್ಲ ನೀರು ಕೊಟ್ಟಾದ ಮೇಲೆ ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡು ಕ್ರಮಪ್ರಕಾರ ಕೇಳಿದ: "ಹುಡುಗನಿಗೆ ಎಂತ ಕೆಲಸ?"

ಇದಕ್ಕೆ ಮನೆಯಲ್ಲಿ ದೋಣಿ ಉಂಟು, ಬಲೆ ಉಂಟು ಎಂದು ಹೇಳಿದರೆ ಮುಗಿಯಿತು. ಮಾವ ಬಾಯಿ ತೆರೆಯುವುದರೊಳಗೆ ದೇವದಾಸ ಹೇಳಿಬಿಟ್ಟ: "ಬಂದರಿನಲ್ಲಿ. ಸ್ಟೀಮರ್ ಆಫೀಸಿನಲ್ಲಿ ಗುಮಾಸ್ತ."

ಹುಡುಗಿಯ ಅಪ್ಪ ನಿಜವಾಗಿಯೇ ಚಿಂತೆಗೆ ಬಿದ್ದ. "ಗುಮಾಸ್ತನಾ? ನಮ್ಮ ಅಕ್ಕು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ."

"ಪರವಾಗಿಲ್ಲ. ಅವನಿಗೆ ಅಹಂಕಾರ ಇಲ್ಲ," ಎಂದ ದೇವದಾಸ.

ಎಲ್ಲರೂ ಘೊಳ್ಳೆಂದು ನಕ್ಕರು. ಕಟ್ಟು ಒಡೆದ ಹಾಗೆ ಪ್ರಶ್ನೆಗಳು ಬಂದವು. ಕುಡಿಯುವುದುಂಟಾ? ಹಬ್ಬಕ್ಕೆ ಮಾತ್ರ. ಸಿಟ್ಟು? ಮೂಗಿನ ತುದಿಯಲ್ಲಿ, ಆದರೆ ಕೂಡಲೇ ಇಳಿಯುತ್ತದೆ. ಬಣ್ಣ? ಅಮ್ಮನ ಬಣ್ಣ. ಕೂದಲು? ಎಡಕ್ಕೆ ಬೈತಲೆ. ದೇವದಾಸನಿಗೆ ತಲೆ ತಿರುಗುವಷ್ಟು ಖುಷಿಯಾಗಿತ್ತು. ಇಷ್ಟು ಜನ ತನ್ನ ಬಾಯನ್ನೇ ನೋಡುತ್ತಿದ್ದಾರೆ. ಪರೀಕ್ಷೆಯಲ್ಲಿ ಬರೆಯದ ಉತ್ತರಗಳೆಲ್ಲ ಇಲ್ಲಿ ಪಟಪಟನೆ ಬರುತ್ತಿವೆ!

ಮೂಲೆಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಅಪ್ಪ ದೂಮಪ್ಪ ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಈಗ ತಲೆಯೆತ್ತದೆ ಕೇಳಿದ: "ಒಂದು ದಿವಸವೂ ಅವ ದೋಣಿಗೆ ಬರ್ಲಿಲ್ವಾ?"

ದೇವದಾಸ ತಡವರಿಸಿದ. ಅಣ್ಣನಿಗೆ ಕಡಲೆಂದರೆ ಆಗದು, ದೋಣಿಯ ನಾತ ಆಗದು. ಸ್ಟೀಮರ್ ಆಫೀಸಿನ ಕುರ್ಚಿಯನ್ನು ಅದಕ್ಕೇ ಅಲ್ಲವೇ ಕೊಡಿಸಿದ್ದು.

"ಬರ್ತಾನೆ ಅಪ್ಪ," ಎಂದ. "ದಿನಾ ಬರ್ತಾನೆ. ನಿಮ್ಮ ಬೆನ್ನ ಹಿಂದೆಯೇ ಕೂತಿರ್ತಾನೆ."

ಅಪ್ಪ ತಲೆಯಾಡಿಸಿದ. "ನನಗೂ ಹಾಗೇ ಕಾಣ್ತಿತ್ತು," ಎಂದು ಮತ್ತೆ ಬಲೆಗೆ ಬಗ್ಗಿದ.

ಅಲ್ಲಿಂದ ಏನೋ ಕೈತಪ್ಪಿತು. ಅಣ್ಣ ಒಳ್ಳೆ ಈಜುಗಾರ ಎಂದು ಯಾರೋ ಹೇಳಿದರು; ದೇವದಾಸ ಹೇಳಿದ್ದಲ್ಲ. ಸಣ್ಣದಿರುವಾಗಲೇ ಭಾರಿ ಧೈರ್ಯಸ್ಥ ಎಂದು ಮಾವ ಹೇಳಿದ. ಅಮ್ಮ ಅವನ ನಗುವಿನ ವಿಷಯ ಹೇಳಿದಳು. ಹೇಳಿದಷ್ಟೂ ಅಣ್ಣ ಅವರವನಾಗುತ್ತ ಹೋದ. ಜಗಲಿಯಲ್ಲಿ ಈಗ ಕೂತಿದ್ದವನು ಅಗಲ ಎದೆಯ, ಬಂಗುಡೆ ಹಿಡಿಯುವ, ಅಪ್ಪನಿಗೆ ಹೆಗಲು ಕೊಡುವ ಯಾರೋ ಒಬ್ಬ ಮೊಗವೀರ. ದೇವದಾಸ ಮೆಲ್ಲಗೆ ಎದ್ದು ಬಾವಿಯ ಹತ್ತಿರ ಹೋದ.

"ಕೇಳಿದೆಯಾ ನಿನ್ನ ಪ್ರತಾಪ?" ಎಂದ ಗಾಳಿಗೆ.

ಅಣ್ಣ ಏನೂ ಹೇಳಲಿಲ್ಲ. ಮುನಿಸಿಕೊಂಡಿರಬೇಕು ಎಂದುಕೊಂಡ. ನಗು ಬಂತು, ಅರ್ಧಕ್ಕೆ ನಿಂತಿತು.

ಕಾಲು ತೊಳೆಯಲು ಬಂದ ಕುಮುದಿನಿ ಅವನನ್ನೇ ನೋಡುತ್ತಿದ್ದಳು. "ಯಾರ ಹತ್ತಿರ ಮಾತಾಡಿದ್ದು ಭಾವ?"

"ಯಾರ ಹತ್ತಿರವೂ ಇಲ್ಲ."

"ಹಾಗೆ ಕಾಣಲಿಲ್ಲ."

"ನೀನು ಮಾತಾಡ್ತಿಯಾ? ನಿನ್ನ ಅಕ್ಕನ ಹತ್ತಿರ?"

"ಸತ್ತವಳ ಹತ್ತಿರ ಎಂತ ಮಾತು?" ಅವಳು ಕಾಲ ಮೇಲೆ ನೀರು ಸುರಿದುಕೊಂಡಳು. "ನಾನು ಅವಳನ್ನು ಕಂಡದ್ದೇ ಇಲ್ಲ. ಅವಳದ್ದು ಆಗದೆ ನನ್ನದು ನೋಡುವ ಹಾಗಿಲ್ಲ ಅಂತ ಹೇಳಿದ್ರು. ಬಂದ ಎರಡು ಸಂಬಂಧ ವಾಪಸು ಹೋಯ್ತು. ಇವತ್ತಿಗೆ ಮುಗೀತಲ್ಲ, ಅಬ್ಬ!" ಅವಳು ನಿಜವಾಗಿ ಖುಷಿಯಲ್ಲಿದ್ದಳು. "ನಿಮಗೂ ಆರಾಮ. ಇನ್ನು ಮನೆಗೆ ನೀವೊಬ್ಬರೇ."

"ಹೌದು," ಎಂದ ದೇವದಾಸ. "ನಾನೊಬ್ಬನೇ."

"ಮತ್ತೆಂತ? ನಗಿ ಸ್ವಲ್ಪ. ಮದುವೆ ಮನೆ."

ಮುಸ್ಸಂಜೆಗೆ ಧಾರೆ. ಕಾಲುದೀಪದ ಎದುರು ಎರಡು ಮಣೆ. ಒಂದರ ಮೇಲೆ ಬಿಳಿ ಶರ್ಟು, ಪಂಚೆ, ಇನ್ನೊಂದರ ಮೇಲೆ ಹಸಿರು ಸೀರೆ. ಶರ್ಟನ್ನು ದೇವದಾಸ, ಸೀರೆಯನ್ನು ಕುಮುದಿನಿ ಎತ್ತಿಕೊಂಡು ಮೂರು ಸುತ್ತು ಬಂದರು. ಶರ್ಟಿನ ತೋಳು ನೇತಾಡುತ್ತ ಅವನ ಮೊಣಕಾಲಿಗೆ ಬಡಿಯುತ್ತಿತ್ತು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅಣ್ಣ ಇದರ ಬಗ್ಗೆ ಹತ್ತು ಮಾತು ಹೇಳಿ ಅವನನ್ನು ನಗಿಸಿ ನೆಲಕ್ಕೆ ಕೆಡವುತ್ತಿದ್ದ. ದೇವದಾಸ ಮಾತಿಗಾಗಿ ಕಿವಿಗೊಟ್ಟ. ಮಾವ ಎರಡು ಬಟ್ಟೆಯ ಮೇಲೂ ಎರಡು ಕೈಯ ಮೇಲೂ ಗಿಂಡಿಯಿಂದ ನೀರು ಬಿಟ್ಟ. ನೀರು ತಣ್ಣಗಿತ್ತು. ಅಣ್ಣ ಮಾತಾಡಲಿಲ್ಲ.

"ಆಯ್ತು!" ಎಂದ ಮಾವ. "ಇವತ್ತಿನಿಂದ ನಮ್ಮ ತುಕ್ರ ಸಂಸಾರಸ್ಥ."

ಹೆಂಗಸರು ಅಕ್ಕಿ ಎರಚಿದರು. ಯಾರೋ ಅಳುತ್ತಿದ್ದರು, ಯಾರೋ ನಗುತ್ತಿದ್ದರು, ಎಲ್ಲ ಒಂದೇ ಗದ್ದಲ. ದೇವದಾಸನಿಗೆ ಆಗ ಗಾಬರಿಯಾಯಿತು. ಹೇಳದೆಯೇ ಹೋದನೇ? ಒಂದು ಮಾತು, ಒಂದು ಸಿಳ್ಳೆ ಇಲ್ಲದೆ? ಹನ್ನೊಂದು ವರ್ಷ ಒಟ್ಟಿಗೆ ಶಾಲೆಗೆ ಹೋದವನು! ಸಿಟ್ಟು ಉಕ್ಕಿತು. ಹೀಗೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದ.

ಮದುಮಕ್ಕಳ ಊಟಕ್ಕೆ ನಡುಕೋಣೆಯಲ್ಲಿ ದೀಪವನ್ನೂ ಬಟ್ಟೆ ಸಮೇತ ಮಣೆಗಳನ್ನೂ ಇಟ್ಟು ಎರಡು ಬಾಳೆಲೆ ಹಾಕಿದರು. ಅನ್ನ, ಕೋಳಿ, ಕಾಣೆ ಗಸಿ, ಮೂಡೆ ಕಡುಬು, ಪಾಯಸ, ಪಕ್ಕದಲ್ಲಿ ಒಂದು ಲೋಟ ಕಳ್ಳು. ಸತ್ತವರು ಬದುಕಿದವರ ಎದುರಿಗೆ ಉಣ್ಣುವುದಿಲ್ಲ. ಅದಕ್ಕೆ ಬಡಿಸಿ ಎಲ್ಲರೂ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ; ಸ್ವಲ್ಪ ಹೊತ್ತು ಬಿಟ್ಟು ತೆರೆಯುತ್ತಾರೆ. ಎಲೆಯ ಮೇಲೆ ಒಂದು ಅಗುಳು ಆಚೀಚೆಯಾದರೂ ಸಾಕು, ಉಂಡರೆಂದು ಲೆಕ್ಕ. ಆಮೇಲೆ ಅವರಿಗೂ ಈ ಮನೆಗೂ ಹಂಗಿಲ್ಲ.

"ಉಣ್ಣಿ ಮಕ್ಕಳೇ, ನಾಚಿಕೆ ಬೇಡ," ಎಂದು ಮಾವ ಬಾಗಿಲು ಮುಚ್ಚಿದ.

ಒಳಗೆ, ಅಟ್ಟದಿಂದ ಇಳಿಬಿಟ್ಟ ಬಲೆಗಳ ಹಿಂದೆ ದೇವದಾಸ ಉಸಿರು ಬಿಗಿಹಿಡಿದು ಕೂತಿದ್ದ.

ಅವನು ನಂಬಿದ್ದನೇ? ಇಲ್ಲ. ಅಣ್ಣ ಬಂದು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕುತ್ತಾನೆಂದು ಹೈಸ್ಕೂಲು ಓದಿದವನು ನಂಬುವುದು ಹೇಗೆ? ಆದರೆ ಬರುವುದಾದರೆ ಇಲ್ಲಿಗೇ ಬರಬೇಕು. ದೀಪ ನೆಟ್ಟಗೆ ಉರಿಯುತ್ತಿತ್ತು. ಹೊರಗೆ ಕುಮುದಿನಿ ನಗುವುದು ಕೇಳಿಸಿತು.

"ಅಣ್ಣ," ಎಂದ ಮೆಲ್ಲಗೆ. "ಹೋಗ್ಬೇಡ."

ಕೊನೆಗೂ ಹೇಳಿದ್ದಾಯಿತು. ಎಷ್ಟು ಸುಲಭ! ಈಗ ಉತ್ತರ ಬರಬೇಕು. ಯಾವಾಗಲೂ ಬರುವ ಹಾಗೆ, ಮಾತು ಮುಗಿಯುವುದರೊಳಗೆ. ಬರಲಿಲ್ಲ. ದೇವದಾಸ ತಾನೇ ಆಡಿಸಲು ನೋಡಿದ. ‘ಹೋಗ್ಬೇಡ ಅಂದ್ರೆ ಹೇಗೆ ಮಾರಾಯ, ಹೆಂಡತಿ ಕಾಯ್ತಾಳೆ’ ಎಂಬುದು ಅಣ್ಣ ಹೇಳಬಹುದಾದ ಮಾತೇ. ಆದರೆ ಅದು ಅವನದೇ ಎಳಸು ಸ್ವರದಲ್ಲಿ ಬಂದು ಬಿದ್ದಿತು. ಮತ್ತೊಮ್ಮೆ ನೋಡಿದ. ಅಣ್ಣನ ಆ ಗಡಸು, ಸೋಮಾರಿ ಸ್ವರ ಎಲ್ಲಿ ಇಟ್ಟಿತ್ತೋ ಅಲ್ಲಿ ಇರಲಿಲ್ಲ.

ಎದ್ದು ಬಂದು ಅಣ್ಣನ ಮಣೆಯ ಮೇಲೆ, ಶರ್ಟನ್ನು ಬದಿಗೆ ಸರಿಸಿ, ಕೂತ. ಕೋಳಿಯ ವಾಸನೆ ಮೂಗಿಗೆ ಬಡಿಯಿತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಒಂದು ತುಂಡು ಎತ್ತಿದರೆ ಅಣ್ಣ ‘ಏಯ್, ಅದು ನನ್ನದು’ ಎನ್ನದೆ ಇರುತ್ತಾನೆಯೇ? ಎತ್ತಿದ. ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ಎತ್ತಿದ. ಅನ್ನ ಕಲೆಸಿದ. ನಗು ಈಗ ಅಲೆಅಲೆಯಾಗಿ ಬರುತ್ತಿತ್ತು, ಭುಜ ಕುಲುಕುತ್ತಿತ್ತು, ಆ ನಗುವಿನ ನಡುವೆಯೇ ಗಬಗಬನೆ ಉಂಡ. ಬಯ್ಯಲಿ, ಕಿತ್ತುಕೊಳ್ಳಲಿ, ಒಂದು ಪೆಟ್ಟಾದರೂ ಕೊಡಲಿ! ಮೂಡೆ ಮುಗಿಸಿದ, ಪಾಯಸ ಮುಗಿಸಿದ, ಕಳ್ಳು ಕುಡಿದ. ಎಲೆ ನೆಕ್ಕಿದ ಹಾಗೆ ಖಾಲಿಯಾಯಿತು. ಪಕ್ಕದಲ್ಲಿ ಅಕ್ಕುವಿನ ಎಲೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ.

ಬಾಗಿಲು ತೆರೆಯಿತು.

ಮಾವನ ಕೈಯಲ್ಲಿ ಲಾಟೀನು. ಹಿಂದೆ ಅಮ್ಮ, ಅಪ್ಪ, ಹುಡುಗಿಯ ಅಪ್ಪ. ಮೊದಲು ಅವರು ಕಂಡದ್ದು ಖಾಲಿ ಎಲೆ. ಆಮೇಲೆ ಕೈಬಾಯಿಗೆಲ್ಲ ಗಸಿ ಮೆತ್ತಿಕೊಂಡು ಮಣೆಯ ಮೇಲೆ ಕೂತವನು. "ನಾನು ಮಾವ, ಹಸಿವಾಯ್ತು" ಎಂದು ಹೇಳಲು ದೇವದಾಸ ತಯಾರಾದ. ಎರಡು ಪೆಟ್ಟು ಬೀಳುತ್ತದೆ, ಮದುವೆ ಕೆಟ್ಟಿತೆಂದು ಗಲಾಟೆಯಾಗುತ್ತದೆ, ಅಷ್ಟೆ.

"ಯಾರೂ ಮುಟ್ಟಬೇಡಿ," ಎಂದ ಮಾವ. "ಇದು ದೇವದಾಸ ಅಲ್ಲ. ಅವನ ಮೇಲೆ ಬಂದು ಉಂಡಿದ್ದಾನೆ." ಲಾಟೀನನ್ನು ಕೆಳಗಿಟ್ಟು ಕೈಮುಗಿದ. "ತುಕ್ರಾ. ಊಟ ಆಯ್ತಾ ಮಗಾ?"

ದೇವದಾಸ ಅಮ್ಮನನ್ನು ನೋಡಿದ. ಅವಳು ಅವನನ್ನು ನೋಡುತ್ತಿದ್ದಳು. ಹದಿನೇಳು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದಿಲ್ಲ. ಇನ್ನೊಂದು ಗಳಿಗೆ ಅವಳು ಹಾಗೇ ನೋಡುತ್ತಿರಲಿ ಎಂದು ಅವನಿಗೆ ಆಸೆಯಾಯಿತು.

"ಆಯ್ತು," ಎಂದ.

ಸ್ವರ ಕೇಳಿ ಅವನೇ ಬೆಚ್ಚಿದ. ಗಡಸಾಗಿ, ಸೋಮಾರಿಯಾಗಿ, ನಗುವನ್ನು ಅಡಿಯಲ್ಲಿ ಇಟ್ಟುಕೊಂಡು ಬಂದಿತ್ತು. ಇಡೀ ಸಂಜೆ ಹುಡುಕಿದರೂ ಸಿಗದ ಸ್ವರ.

"ಸಂತೋಷ ಆಯ್ತಾ?"

"ಆಯ್ತು."

"ಇನ್ನು ತಮ್ಮನನ್ನು ಬಿಟ್ಟು ಹೋಗ್ತಿಯಲ್ಲ?"

ಎಲ್ಲರೂ ಕಾದರು. ದೇವದಾಸನೂ ಕಾದ. ಹೋಗುವುದಿಲ್ಲ ಅನ್ನು ಅಣ್ಣ, ಒಂದೇ ಒಂದು ಮಾತು, ಅನ್ನು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಹೋಗ್ತೇನೆ," ಎಂದಿತು ಸ್ವರ. "ಬಿಟ್ಟೆ ಅವನನ್ನು."

ಮನೆಯೆಲ್ಲ ಒಮ್ಮೆಲೇ ಹೋ ಎಂದಿತು. ಮಾವ ಕುಣಿದೇಬಿಟ್ಟ. ಹುಡುಗಿಯ ಅಪ್ಪ ದೂಮಪ್ಪನನ್ನು ತಬ್ಬಿಕೊಂಡ. ಅಮ್ಮ ಓಡಿಬಂದು ಅವನೆದುರು ಕುಸಿದು ಕೂತು, ನಗುತ್ತ, ಅಳುತ್ತ, ಬಡಿಸಿ ಬದಿಗಿಟ್ಟಿದ್ದ ಕುಕ್ಕೆಯಿಂದ ಅನ್ನ ತೆಗೆದು ಕಲೆಸಿದಳು. "ಹೋಗುವ ಮೊದಲು ಇನ್ನೊಂದು ತುತ್ತು ಉಣ್ಣು ತುಕ್ರ, ನನ್ನ ಕೈಯಿಂದ," ಎಂದಳು. ಅವನು ಬಾಯಿ ತೆರೆದ. ಇನ್ನೊಂದು, ಎಂದಳು. ಮತ್ತೆ ತೆರೆದ.

ಹೊರಗೆ ಕುಮುದಿನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಊಟಕ್ಕೆ ಕರೆಯುತ್ತ ಅಂಗಳ ಸುತ್ತುತ್ತಿದ್ದಳು. "ದೇವದಾಸ ಭಾವಾ! ಎಲ್ಲಿದ್ದೀರಿ? ಎಲ್ಲ ಮುಗೀತು, ಬನ್ನಿ!"

ಅವನು ಓ ಎನ್ನಲು ನೋಡಿದ. ಬಾಯಿ ತುಂಬ ಅನ್ನವಿತ್ತು. ಒಳಗಿದ್ದವರಲ್ಲಿ ಒಬ್ಬರೂ ಅವಳಿಗೆ ಉತ್ತರ ಕೊಡಲಿಲ್ಲ. ಎಲ್ಲರ ಕಣ್ಣೂ ತುಕ್ರನ ಬಾಯಿಯ ಮೇಲಿತ್ತು. ತೆರೆದ ಬಾಗಿಲಿನಾಚೆ ಅವಳ ಕೈಯ ದೀಪ ಬಾವಿಯನ್ನು ದಾಟಿ, ದಂಡೆಗೆ ಇಳಿದು, ಕವುಚಿಟ್ಟ ಒಂದೊಂದು ದೋಣಿಯ ಅಡಿಗೂ ಬಗ್ಗಿ ಬಗ್ಗಿ ನೋಡಿ, ಅವನ ಹೆಸರನ್ನು ಕೂಗುತ್ತ ನೀರಿನ ಕಡೆಗೆ ಹೋಯಿತು.